ಬೂದುಗುಂಬಳ ಒಡೆಯದ ಮೆಲ್ಟರ್

ಜನ್ನಾಪುರದ ನಮ್ಮ ಸಭೆಯಲ್ಲಿ, ಎಂದರೆ ನಮ್ಮ ಚರ್ಚಿನಲ್ಲಿ, ನನ್ನ ಕೆಲಸದ ಕಥೆ ಒಂದು ರೂಪದಲ್ಲಿ ಓಡಾಡುತ್ತಿದೆ. ಅದರಲ್ಲಿ ನಾನು ಗೆಲ್ಲುತ್ತೇನೆ. ಬ್ರದರ್ ಸ್ಯಾಮ್ಯುಯೆಲ್ ಫೌಂಡ್ರಿಯಲ್ಲಿ ಪೂಜೆಗೆ ಒಪ್ಪಲಿಲ್ಲ, ಅವರನ್ನು ಫರ್ನೇಸಿನಿಂದ ತೆಗೆದರು, ದೇವರು ಕಾರ್ಯ ಮಾಡಿದನು, ಫರ್ನೇಸು ಸೋರಿತು, ಅವರನ್ನು ವಾಪಸ್ ಕರೆದರು. ಒಂದೊಂದೇ ವಾಕ್ಯ ತೆಗೆದುಕೊಂಡರೆ ಬಹುಪಾಲು ನಿಜ. ಈ ಕ್ರಮದಲ್ಲಿ ಜೋಡಿಸಿದರೆ ಸುಳ್ಳು.

ಈ ವರ್ಷ ನಮ್ಮ ಸಭೆಯ ಕೆಲವರು ಮಾಚೇನಹಳ್ಳಿಯ ಕಾರ್ಖಾನೆಗಳಿಗೆ ಹೊಸದಾಗಿ ಸೇರಿದ್ದಾರೆ. ಈ ಕಥೆಯನ್ನು ತಲೆಯಲ್ಲಿಟ್ಟುಕೊಂಡು ಅವರು ಒಳಗೆ ಹೋದರೆ ಅವರಿಗೂ ಕಷ್ಟ, ಅವರ ಪಕ್ಕದಲ್ಲಿ ನಿಂತವರಿಗೂ ಕಷ್ಟ. ಹಾಗಾಗಿ ಬರೆಯುತ್ತಿದ್ದೇನೆ. ನನ್ನ ನೆನಪನ್ನು ಪೂರ್ತಿ ನಂಬಬೇಡಿ. ಈ ಕಥೆಯನ್ನು ಬೇರೆಯವರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೆ ಎಂದರೆ, ಕೆಲವು ಕಡೆ ನನ್ನದು ಯಾವುದು ಅವರದು ಯಾವುದು ಎಂದು ನನಗೇ ಗೊತ್ತಾಗುವುದಿಲ್ಲ.

ಕೆಲಸದಿಂದ ಶುರು ಮಾಡುತ್ತೇನೆ. ನಾನು ಮೆಲ್ಟರ್ ಆಗಿದ್ದವನು. ಎಂದರೆ ಗುಜರಿ ಕಬ್ಬಿಣವನ್ನು ಫರ್ನೇಸಿಗೆ ಹಾಕಿ ಕರಗಿಸಿ, ಎರಕಕ್ಕೆ ಹದ ಮಾಡಿ ಕೊಡುವವನು. ಫರ್ನೇಸು ನೋಡಲು ದೊಡ್ಡ ಹಂಡೆಯ ಹಾಗೆ. ಒಳಗಡೆ ಬಿಳಿ ಪುಡಿಯನ್ನು ಗಟ್ಟಿಯಾಗಿ ಬಡಿದು ಒಂದು ಗೋಡೆ ಮಾಡಿರುತ್ತೇವೆ. ಅದಕ್ಕೆ ಲೈನಿಂಗ್ ಎನ್ನುತ್ತಾರೆ. ಆ ಗೋಡೆಯ ಹಿಂದೆ ತಾಮ್ರದ ಕೊಳವೆ, ಕೊಳವೆಯೊಳಗೆ ನೀರು. ಕರಗಿದ ಕಬ್ಬಿಣಕ್ಕೂ ನೀರಿಗೂ ನಡುವೆ ಇರುವುದು ಅಂಗೈ ಅಗಲದ ಆ ಗೋಡೆ ಮಾತ್ರ. ಅದು ಸವೆಯುತ್ತದೆ. ಸವೆದಾಗ ಒಡೆದು ತೆಗೆದು ಹೊಸದು ಹಾಕುತ್ತೇವೆ. ನೀವು ಫೌಂಡ್ರಿಯಲ್ಲಿ ಬೇರೆ ಏನೇ ಮರೆತರೂ ಈ ಗೋಡೆಯನ್ನು ಮರೆಯಬೇಡಿ.

ನನಗೆ ಕೆಲಸ ಕಲಿಸಿದವರು ಹಾಲಪ್ಪ ಮೇಸ್ತ್ರಿ. ಆಗ ಉಷ್ಣತೆ ಅಳೆಯುವ ಕೋಲು ಇತ್ತು, ಆದರೆ ಅದರ ತುದಿ ಪದೇ ಪದೇ ಸುಟ್ಟುಹೋಗುತ್ತಿತ್ತು. ಹಾಗಾಗಿ ಅವರು ನೀಲಿ ಗಾಜಿನಲ್ಲಿ ಲೋಹದ ಬಣ್ಣ ನೋಡಿ ಹೇಳುತ್ತಿದ್ದರು. ಅವರು ಯಾವತ್ತೂ ತಪ್ಪುತ್ತಿರಲಿಲ್ಲ ಎಂದು ಬರೆಯಬಹುದಿತ್ತು. ತಪ್ಪುತ್ತಿದ್ದರು. ಮೋಡ ಮುಚ್ಚಿದ ದಿನ ಲೋಹ ಸಾಕಷ್ಟು ಕಾಯುವ ಮುಂಚೆಯೇ ಸಾಕು ಎಂದುಬಿಡುತ್ತಿದ್ದರು. ಬೆಳಕು ಕಡಿಮೆ ಇದ್ದಾಗ ಕಣ್ಣು ಮೋಸ ಮಾಡುತ್ತದೆ. ಈಗ ಪರದೆಯ ಮೇಲೆ ಅಂಕಿ ಬರುತ್ತದೆ, ಲೋಹದಲ್ಲಿ ಏನೇನು ಎಷ್ಟಿದೆ ಎಂದು ಯಂತ್ರ ಹೇಳುತ್ತದೆ. ಇದು ಒಳ್ಳೆಯ ಬದಲಾವಣೆ. ಹಳೆಯದೇ ಚೆನ್ನಾಗಿತ್ತು ಎನ್ನುವವರ ಸಾಲಿನಲ್ಲಿ ನಾನಿಲ್ಲ.

ಸ್ಯಾಮ್ಯುಯೆಲ್ ಎಂಬ ಹೆಸರು ಸೇರಿದ ವಾರದಲ್ಲೇ ಸಾಮಣ್ಣ ಆಯಿತು. ಕೆಲವರಿಗೆ ನಾನು ಕ್ರೈಸ್ತ ಎಂದು ಗೊತ್ತಾಗಲು ಎಷ್ಟೋ ಕಾಲ ಹಿಡಿಯಿತು. ಗೊತ್ತಾದ ಮೇಲೂ ಏನೂ ಬದಲಾಗಲಿಲ್ಲ. ಭಾನುವಾರ ಓವರ್‌ಟೈಮ್ ಬಂದರೆ ಮಾತ್ರ ನಾನು ಬೆಳಗ್ಗೆ ಬರುವುದಿಲ್ಲ, ಮಧ್ಯಾಹ್ನದ ಮೇಲೆ ಬರುತ್ತೇನೆ ಎನ್ನುತ್ತಿದ್ದೆ. ಅದಕ್ಕೆ ಶೇಖರಪ್ಪ, "ನಿಮ್ಮ ದೇವ್ರೂ ಜನರಲ್ ಶಿಫ್ಟೇ ಏನೋ" ಎನ್ನುತ್ತಿದ್ದ.

ಶೇಖರಪ್ಪ ಲ್ಯಾಡಲ್ ಹಿಡಿಯುವವನು. ಕರಗಿದ ಲೋಹವನ್ನು ಫರ್ನೇಸಿನಿಂದ ಹಿಡಿದು ಅಚ್ಚುಗಳಿಗೆ ಸುರಿಯುವ ದೊಡ್ಡ ಬಕೀಟು ಲ್ಯಾಡಲ್. ನಾನು ಫರ್ನೇಸು ಬಗ್ಗಿಸುವುದು, ಅವನು ಹಿಡಿಯುವುದು. ಹೀಗೆ ವರ್ಷಗಟ್ಟಲೆ ಎದುರುಬದುರು ನಿಂತವರು ನಾವು. ಅವನ ಮನೆ ಶಿವಮೊಗ್ಗದ ಕೋಟೆ ಪ್ರದೇಶದಲ್ಲಿ. ನಾನು ಭದ್ರಾವತಿ ಕಡೆಯಿಂದ ಬಸ್ಸಿನಲ್ಲಿ ಬಂದರೆ ಅವನು ಶಿವಮೊಗ್ಗ ಕಡೆಯಿಂದ ಬರುತ್ತಿದ್ದ. ಗೇಟಿನ ಮುಂದಿನ ಕ್ಯಾಂಟೀನಿನಲ್ಲಿ ಸೇರುತ್ತಿದ್ದೆವು.

ಹೊಸ ಲೈನಿಂಗ್ ಹಾಕಿದಾಗ ಮೊದಲ ಸಲ ಬೆಂಕಿ ಕೊಡುವ ಮುಂಚೆ ಫರ್ನೇಸಿಗೆ ಬೂದುಗುಂಬಳ ಒಡೆಯುವುದು ನಮ್ಮಲ್ಲಿ ರೂಢಿ. ಕಾಯಿಗೆ ತೂತು ಮಾಡಿ ಕುಂಕುಮ ತುಂಬಿ, ಮೇಲೆ ಕರ್ಪೂರ ಹಚ್ಚಿ, ಫರ್ನೇಸಿಗೆ ನಿವಾಳಿಸಿ, ನೆಲಕ್ಕೆ ಅಪ್ಪಳಿಸುವುದು. ಇದನ್ನು ಮೆಲ್ಟರೇ ಮಾಡಬೇಕು. ಫರ್ನೇಸಿನ ದೃಷ್ಟಿಯನ್ನು ಫರ್ನೇಸಿನವನೇ ತೆಗೆಯಬೇಕು ಎಂದು ಲೆಕ್ಕ. ಹಾಲಪ್ಪ ಮೇಸ್ತ್ರಿ ಇರುವವರೆಗೆ ಅವರು ಒಡೆಯುತ್ತಿದ್ದರು, ನಾನು ಪಕ್ಕದಲ್ಲಿ ಸುಮ್ಮನೆ ನಿಲ್ಲುತ್ತಿದ್ದೆ. ಅವರು ನಿವೃತ್ತರಾದರು. ನಾನು ಮೆಲ್ಟರ್ ಆದೆ. ಮುಂದಿನ ಲೈನಿಂಗಿಗೆ ಕಾಯಿ ನನ್ನ ಮುಂದೆ ಬಂತು.

ಇದು ಆಯುಧಪೂಜೆಯ ದಿನ ನಡೆಯಿತು ಎಂದು ಸಭೆಯಲ್ಲಿ ಹೇಳುತ್ತಾರೆ. ಅಲ್ಲ. ಒಂದು ಮಾಮೂಲು ಬೆಳಗ್ಗೆ. ಕಾಯಿ ತಂದವನು ಶೇಖರಪ್ಪ.

ನಾನು ಮೊದಲು ಹೇಳಿದ ಕಾರಣ ಸುರಕ್ಷತೆಯದು. ಕಾಯಿಯ ನೀರು ಫರ್ನೇಸಿನ ಹತ್ತಿರ ಬೀಳಬಾರದು, ಒದ್ದೆ ನೆಲದ ಮೇಲೆ ಲೋಹ ಚೆಲ್ಲಿದರೆ ಸಿಡಿಯುತ್ತದೆ ಎಂದೆ. ಅದು ನಿಜವೇ. ಶೇಖರಪ್ಪ ಕಾಯಿಯನ್ನು ಎತ್ತಿಕೊಂಡು ಬಾಗಿಲ ಆಚೆ ಇಟ್ಟು, ಇಲ್ಲಿ ಒಡಿ ಹಾಗಾದ್ರೆ ಎಂದ. ಆಮೇಲೆ ನಿಜ ಹೇಳಬೇಕಾಯಿತು. ನನಗೆ ಇದರಲ್ಲಿ ನಂಬಿಕೆ ಇಲ್ಲ, ನಂಬಿಕೆ ಇಲ್ಲದವನು ಮಾಡಿದರೆ ನಿಮ್ಮ ದೇವರಿಗೂ ಅಪಮಾನ ಎಂದೆ.

"ನಿನ್ನ ನಂಬಿಕೆ ಯಾರ್ ಕೇಳಿದ್ರು ಮಾರಾಯ? ಕೈ ಕೊಡು ಸಾಕು."

ಅವನು ಹೇಳಿದ್ದರಲ್ಲಿ ಅರ್ಥವಿದೆ. ಆದರೆ ನಮ್ಮ ಮನೆಯಲ್ಲಿ ನಂಬಿಕೆ ಬೇರೆ, ಕೈ ಬೇರೆ ಎಂದು ಯಾರೂ ಕಲಿಸಿರಲಿಲ್ಲ. ನಾನು ಒಡೆಯಲಿಲ್ಲ. ಕೊನೆಗೆ ಅವನೇ ಒಡೆದ. ಮುಖ ಗಂಟು ಹಾಕಿಕೊಂಡಿದ್ದ.

ಆ ಮಳೆಗಾಲದಲ್ಲಿ ಎರಕಗಳಲ್ಲಿ ಬ್ಲೋಹೋಲ್ ಶುರುವಾಯಿತು. ಹೊರಗೆ ನಯವಾಗಿ ಕಾಣುವ ಎರಕದ ಒಳಗೆ ಗಾಳಿಯ ಗುಳ್ಳೆಗಳು. ಮಷಿನಿಂಗಿನಲ್ಲಿ ಮೇಲ್ಮೈ ಹೆರೆಯುವಾಗ ಬಾಯಿ ಬಿಡುತ್ತಿದ್ದವು. ಮಾಲು ವಾಪಸ್ ಬರತೊಡಗಿತು. ಅಚ್ಚಿನ ಮರಳು ಬದಲಾಯಿಸಿದರು, ಅದರ ಅಂಟು ಬದಲಾಯಿಸಿದರು, ಲ್ಯಾಡಲ್ ಹೆಚ್ಚು ಕಾಯಿಸಿದರು. ಏನು ಮಾಡಿದರೂ ಕಡಿಮೆಯಾಗಲಿಲ್ಲ. ಆಗ ಯಾರೋ ಒಬ್ಬರು ಸಾಮಣ್ಣ ಕಾಯಿ ಒಡೆಯಲಿಲ್ಲವಲ್ಲ ಎಂದರು. ಯಾರು ಎಂದು ನನಗೆ ಗೊತ್ತು, ಆದರೆ ಆ ಮಾತು ಬೇಗ ಎಲ್ಲರದ್ದೂ ಆಯಿತು, ಹಾಗಾಗಿ ಹೆಸರು ಬೇಡ. ಅವರು ಕೆಟ್ಟವರಲ್ಲ. ಕರಗಿದ ಕಬ್ಬಿಣದ ಮುಂದೆ ನಿಲ್ಲುವವರಿಗೆ ಭಯ ಇರಬೇಕು. ಅದಕ್ಕೊಂದು ಕಾರಣ ಸಿಕ್ಕಿದರೆ ಭಯ ಹಿಡಿತಕ್ಕೆ ಬರುತ್ತದೆ. ಆ ಕಾರಣ ನಾನಾದೆ, ಅಷ್ಟೇ.

ಶಿಫ್ಟ್ ಇನ್‌ಚಾರ್ಜ್ ಮೂರ್ತಿ ಸರ್ ನನ್ನನ್ನು ಕರೆದರು. ಇಂಜಿನಿಯರಿಂಗ್ ಓದಿದವರು, ಕಾಯಿಗೂ ಗುಳ್ಳೆಗೂ ಸಂಬಂಧವಿಲ್ಲ ಎಂದು ಗೊತ್ತಿದ್ದವರು. ಅವರು ಹೇಳಿದ್ದು ಇಷ್ಟು: ಹುಡುಗರು ಹೆದರಿಕೊಂಡಿದ್ದಾರೆ, ಹೆದರಿದ ಕೈಯಲ್ಲಿ ಲ್ಯಾಡಲ್ ಇರುವುದು ಅಪಾಯ. "ಒಂದು ತರಕಾರಿ ಕಣ್ರೀ ಸಾಮಣ್ಣ. ಒಡೆದು ಬಿಸಾಕಿ. ಇಲ್ಲಾಂದ್ರೆ ನಾನು ನಿಮ್ಮನ್ನ ಆ ಜಾಗದಿಂದ ತೆಗೀಬೇಕಾಗತ್ತೆ."

ತರಕಾರಿಯೇ ಆಗಿದ್ದರೆ ಅದಕ್ಕಾಗಿ ನನ್ನನ್ನು ತೆಗೆಯುವ ಅಗತ್ಯ ಏನಿತ್ತು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಕೇಳಿದೆ ಎಂದು ಸಭೆಯ ಕಥೆಯಲ್ಲಿ ಬರುತ್ತದೆ.

ನನ್ನನ್ನು ಫೆಟ್ಲಿಂಗಿಗೆ ಹಾಕಿದರು. ಎರಕದ ಅಂಚಿನಲ್ಲಿ ಉಳಿದ ಮುಳ್ಳು, ತುಂಡುಗಳನ್ನು ಗ್ರೈಂಡರಿನಿಂದ ತೆಗೆಯುವ ಕೆಲಸ. ಕಷ್ಟದ ಕೆಲಸ, ಧೂಳಿನ ಕೆಲಸ. ಕೈ ರಾತ್ರಿ ಮಲಗಿದರೂ ನಡುಗುತ್ತಿರುತ್ತದೆ. ನನ್ನ ಜಾಗಕ್ಕೆ ಶೇಖರಪ್ಪನನ್ನು ಹಾಕಿದರು. ಬ್ಲೋಹೋಲ್ ಕಡಿಮೆಯಾಯಿತು. ನಾನು ಹೋದ ಮೇಲೆ ಕಡಿಮೆಯಾಯಿತು ಎನ್ನುವುದು ನಿಜ. ಅಷ್ಟು ಹೊತ್ತಿಗೆ ಮಳೆ ನಿಂತು ಮರಳಿನ ತೇವ ಆರಿತ್ತು ಎನ್ನುವುದೂ ನಿಜ.

ಸಭೆಯಲ್ಲಿ ಸಮಾಧಾನ ಸಿಗುತ್ತದೆ ಎಂದುಕೊಂಡಿದ್ದೆ. ಅಲ್ಲಿನ ಹಿರಿಯರೊಬ್ಬರು, ನಾನು ಇಷ್ಟು ವರ್ಷ ಪೂಜೆಯ ಪಕ್ಕ ನಿಂತಿದ್ದಕ್ಕೆ, ಆಯುಧಪೂಜೆಯ ಮಂಡಕ್ಕಿ ತಿಂದಿದ್ದಕ್ಕೆ ದೇವರು ಕೊಟ್ಟ ಶಿಕ್ಷೆ ಇದು ಎಂದರು. ಕಾರ್ಖಾನೆಯಲ್ಲಿ ಪೂಜೆ ಮಾಡದ್ದಕ್ಕೆ ಜಾಗ ಹೋಯಿತು, ಸಭೆಯಲ್ಲಿ ಪೂಜೆ ನೋಡಿದ್ದಕ್ಕೆ ಹೋಯಿತು. ನನ್ನ ಹೆಂಡತಿ ಎಸ್ತೇರ್ ಮನೆಗೆ ಬಂದ ಮೇಲೆ ಒಂದೇ ಮಾತು ಹೇಳಿದಳು: "ಎರಡೂ ಕಡೆ ಬೈಸ್ಕೊಂಡು ಬರ್ತೀರಲ್ಲ, ಒಂದು ಕಡೆಗಾದ್ರೂ ಒಳ್ಳೆಯವ್ರಾಗಿ."

ಆ ದಿನಗಳಲ್ಲಿ ನನಗಿದ್ದದ್ದು ಒಂದೇ ಪ್ರಾರ್ಥನೆ. ಬೆಳಗ್ಗೆ ಬಸ್ಸಿನಲ್ಲಿ, ಗ್ರೈಂಡರಿನ ಸದ್ದಿನಲ್ಲಿ, ಮಲಗುವ ಮುಂಚೆ: ನನ್ನ ಜಾಗ ನನಗೆ ವಾಪಸ್ ಕೊಡು. ಅದರಲ್ಲಿ ಸಂಬಳದ ಮಾತಿಲ್ಲ. ಫರ್ನೇಸಿನ ಮುಂದಿನ ಜಾಗ. ಅಲ್ಲಿ ನಿಂತಾಗ ಮಾತ್ರ ನಾನು ಏನೋ ಒಂದನ್ನು ಸರಿಯಾಗಿ ಮಾಡುತ್ತಿದ್ದೇನೆ ಎನಿಸುತ್ತಿತ್ತು.

ನಮ್ಮ ಪ್ರಾರ್ಥನೆಯ ಕನ್ನಡದಲ್ಲಿ ನಿರೀಕ್ಷೆ ಎಂಬ ಪದ ಬಹಳ ಬರುತ್ತದೆ. ಹೊರಗಿನವರು ಭರವಸೆ ಎನ್ನುವ ಕಡೆ ನಾವು ನಿರೀಕ್ಷೆ ಎನ್ನುತ್ತೇವೆ. ಒಮ್ಮೆ ನಮ್ಮ ಪಾಸ್ಟರಿಗೆ ಒಂದು ಮಾತು ಹೇಳಿದ್ದೆ. ಹೊಸ ಲೈನಿಂಗನ್ನು ಅವಸರದಲ್ಲಿ ಕಾಯಿಸಬಾರದು, ನಿಧಾನಕ್ಕೆ ಬಿಸಿ ಏರಿಸುತ್ತಾ ಕಾಯಬೇಕು, ಕಾಯದಿದ್ದರೆ ಗೋಡೆ ಬಿರುಕು ಬಿಡುತ್ತದೆ, ನಿರೀಕ್ಷೆಯೂ ಹಾಗೇ ಇರಬಹುದು ಎಂದು. ಅವರು ಅದನ್ನು ಮುಂದಿನ ಭಾನುವಾರವೇ ಪ್ರಸಂಗದಲ್ಲಿ, ಎಂದರೆ ಉಪದೇಶದಲ್ಲಿ, ಹೇಳಿದರು. ಎಲ್ಲರಿಗೂ ಬಹಳ ಹಿಡಿಸಿತು. ಅವತ್ತಿನಿಂದ ನನಗೆ ಆ ಹೋಲಿಕೆಯ ಮೇಲೆ ಅನುಮಾನ. ಚೆನ್ನಾಗಿ ಕಾಯಿಸಿದ ಲೈನಿಂಗೂ ಒಡೆಯುತ್ತದೆ.

ಒಡೆಯಿತು ಕೂಡ. ಶೇಖರಪ್ಪ ತಾನೇ ಕಾಯಿ ಒಡೆದು, ತಾನೇ ನಿಂತು ನಿಧಾನಕ್ಕೆ ಕಾಯಿಸಿದ ಲೈನಿಂಗು. ಅದನ್ನು ಅವನು ಚೆನ್ನಾಗಿಯೇ ಮಾಡಿದ್ದ. ಒಂದು ಮಧ್ಯಾಹ್ನ ಊಟದ ಮುಂಚೆ ಅಲಾರಂ ಹೊಡೆದುಕೊಂಡಿತು. ಲೋಹ ಗೋಡೆ ದಾಟಿ ತಾಮ್ರದ ಕೊಳವೆಯ ಹತ್ತಿರ ಬಂದಿದೆ ಎಂದು ಅದರ ಅರ್ಥ. ಅವನು ಓಡಬಹುದಿತ್ತು. ಓಡಿದ್ದರೆ ಲೋಹ ನೀರಿಗೆ ಸೇರಿ ಶೆಡ್ಡೇ ಹಾರುತ್ತಿತ್ತೋ ಏನೋ. ಅವನು ನಿಂತು ಫರ್ನೇಸು ಬಗ್ಗಿಸಿ ಅಷ್ಟೂ ಲೋಹವನ್ನು ಎದುರಿನ ಗುಂಡಿಗೆ ಸುರಿದ. ಸುರಿಯುವಾಗ ಸಿಡಿದದ್ದು ಅವನ ಎಡಗಾಲಿನ ಬೂಟಿನೊಳಗೆ ಇಳಿಯಿತು. ನಾನು ಆಗ ಫೆಟ್ಲಿಂಗ್ ಶೆಡ್ಡಿನಲ್ಲಿದ್ದೆ. ಗ್ರೈಂಡರುಗಳು ಒಂದೊಂದಾಗಿ ನಿಂತದ್ದು ನೆನಪಿದೆ. ಓಡಿಹೋಗಿ ಅವನ ಬೂಟು ಕತ್ತರಿಸಿದವನು ನಾನು ಎಂದು ಕೆಲವರು ಹೇಳುತ್ತಾರೆ. ನನಗೆ ಕತ್ತರಿ ಹಿಡಿದ ನೆನಪಿಲ್ಲ. ವಾಸನೆಯ ನೆನಪಿದೆ.

ಅವನನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು. ಮಾರನೇ ದಿನ ಮೂರ್ತಿ ಸರ್ ಫೆಟ್ಲಿಂಗಿಗೆ ಬಂದು, ಹಾಳಾದದ್ದು ರಿಪೇರಿ ಆಗುವವರೆಗೆ ಪಕ್ಕದ ಎರಡನೇ ಫರ್ನೇಸು ನಡೆಸಲು ಬೇರೆ ಯಾರೂ ಇಲ್ಲ, ನೀವೇ ಬರಬೇಕು ಎಂದರು. ಹೋದೆ. ಕೆಲಸ ನಿಲ್ಲಿಸುವ ಹಾಗಿರಲಿಲ್ಲ. ನನ್ನ ಪ್ರಾರ್ಥನೆ ಅಕ್ಷರಶಃ ನೆರವೇರಿತು.

ಕಾರ್ಖಾನೆಯಲ್ಲಿ ಆ ವಾರ ಒಂದು ಮಾತು ಹುಟ್ಟಿತು. ಶೇಖರಪ್ಪ ಸರಿಯಾಗಿಯೇ ಕಾಯಿ ಒಡೆದಿದ್ದ, ಸಾಮಣ್ಣ ಅದು ಫಲಿಸದ ಹಾಗೆ ಪ್ರಾರ್ಥನೆ ಮಾಡಿಸಿದ್ದಾನೆ ಎಂದು. ಭಾನುವಾರ ಸಭೆಗೆ ಹೋದರೆ ಅಲ್ಲಿ ಜನ ನನ್ನ ಕೈ ಕುಲುಕಿದರು. ದೇವರು ತನ್ನ ಮಗನ ಪರವಾಗಿ ಎದ್ದು ನಿಂತನು ಎಂದರು. ಬಸ್ಸಿನಲ್ಲಿ ವಾಪಸ್ ಬರುವಾಗ ಹೊಳೆಯಿತು, ಎರಡೂ ಕಡೆಯವರು ಹೇಳುತ್ತಿರುವುದು ಒಂದೇ: ನನ್ನ ದೇವರು ಶೇಖರಪ್ಪನ ಕಾಲು ಸುಟ್ಟ.

ಬೈಗುಳ ಕೇಳಿ ಅಭ್ಯಾಸವಾಗಿತ್ತು, ಅದು ನನ್ನನ್ನು ಅಲ್ಲಾಡಿಸಿರಲಿಲ್ಲ. ಇದು ಅಲ್ಲಾಡಿಸಿತು. ಇವರು ಹೇಳುವುದು ಸರಿಯಾಗಿದ್ದರೆ ನನಗೆ ಆ ದೇವರು ಬೇಡ. ತಪ್ಪಾಗಿದ್ದರೆ, ನಾನು ಕೇಳಿದ್ದು ಕೇಳಿದ ಹಾಗೇ ಯಾಕೆ ಸಿಕ್ಕಿತು? ಎಷ್ಟೋ ವಾರ ನಾನು ಪ್ರಾರ್ಥನೆಯಲ್ಲಿ ಬಾಯಿ ಬಿಡಲಿಲ್ಲ. ಊಟದ ಮುಂಚೆ ಕಣ್ಣು ಮುಚ್ಚಿ ಹಾಗೇ ತೆರೆಯುತ್ತಿದ್ದೆ. ಏನಾದರೂ ಕೇಳಿಕೊಂಡರೆ ಇನ್ನು ಯಾರಿಗೆ ಏನಾಗುತ್ತದೋ ಎಂಬ ಹೆದರಿಕೆ. ಇದನ್ನು ಎಸ್ತೇರ್ ಗಮನಿಸಿದಳು. ಪ್ರಾರ್ಥನೆಯನ್ನು ಅವಳೇ ಜೋರಾಗಿ ಹೇಳತೊಡಗಿದಳು, ನನ್ನ ಪಾಲಿನದನ್ನೂ ಸೇರಿಸಿ.

ನಮ್ಮ ಸಭೆಯಲ್ಲಿ ಆರಾಧನೆಯ ನಡುವೆ ಎರಡು ಹೊತ್ತು ಇರುತ್ತವೆ. ಒಂದು ಸಾಕ್ಷಿ ಹೇಳುವ ಹೊತ್ತು: ದೇವರು ತಮಗೆ ಮಾಡಿದ ಉಪಕಾರವನ್ನು ಎದ್ದು ನಿಂತು ಹೇಳುವುದು. ಇನ್ನೊಂದು ಪ್ರಾರ್ಥನಾ ವಿನಂತಿ: ಇನ್ನೂ ಆಗದೆ ಇರುವುದಕ್ಕೆ ಎಲ್ಲರ ಪ್ರಾರ್ಥನೆ ಕೇಳುವುದು. ಎರಡೂ ಬೆರೆಯುವ ಹಾಗಿಲ್ಲ. ಸಾಕ್ಷಿ ಎಂದರೆ ಮುಗಿದ ಕಥೆ. ಒಂದು ಭಾನುವಾರ ಪಾಸ್ಟರ್ ಸಾಕ್ಷಿಗೆ ನನ್ನ ಹೆಸರು ಕರೆದರು. ಮೈಕಿನ ಮುಂದೆ ಹೋಗಿ ನಿಂತೆ. ಎದುರಿಗೆ ಕೂತವರಿಗೆಲ್ಲ ಕಥೆ ಮೊದಲೇ ಗೊತ್ತಿತ್ತು, ನನ್ನ ಬಾಯಿಂದ ಕೇಳಲು ಕಾಯುತ್ತಿದ್ದರು.

ನಾನು ಹೇಳಿದ್ದು ಇಷ್ಟು. ಶೇಖರಪ್ಪ ಎಂಬುವವರು ನನ್ನ ಜೊತೆ ಕೆಲಸ ಮಾಡುತ್ತಾರೆ. ಅವರು ಓಡದೆ ನಿಂತಿದ್ದರಿಂದ ನಾವು ಬದುಕಿದ್ದೇವೆ. ಅವರ ಕಾಲಿಗೋಸ್ಕರ ಪ್ರಾರ್ಥನೆ ಮಾಡಿ.

ಪಾಸ್ಟರ್ ಮೃದುವಾಗಿಯೇ, "ಬ್ರದರ್, ಅದು ಪ್ರಾರ್ಥನಾ ವಿನಂತಿ. ಈಗ ಸಾಕ್ಷಿ ಹೇಳಿ" ಎಂದರು.

"ನಾನು ನೋಡಿದ್ದು ಇಷ್ಟೇ ಪಾಸ್ಟರ್" ಎಂದೆ. ಹಾಗೆ ಹೇಳಿದೆ ಎಂದು ನನ್ನ ನೆನಪು. ಎಸ್ತೇರ್ ಪ್ರಕಾರ ನಾನು ಏನೂ ಹೇಳದೆ ಬಂದು ಕೂತೆ. ಅವಳ ನೆನಪು ನನ್ನದಕ್ಕಿಂತ ಗಟ್ಟಿ. ಆದರೂ ಆ ಮಾತನ್ನು ಇಲ್ಲಿ ಬಿಡಲು ಮನಸ್ಸಾಗಲಿಲ್ಲ.

ಆ ಮಧ್ಯಾಹ್ನವೋ, ಅದರ ಮುಂದಿನ ಭಾನುವಾರವೋ, ಬಸ್ಸು ಹಿಡಿದು ಶಿವಮೊಗ್ಗಕ್ಕೆ ಹೋದೆ. ಶೇಖರಪ್ಪನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು. ಕೋಟೆಯ ಆ ಓಣಿಯಲ್ಲಿ ಅವನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲು ತೆಗೆದ ಅವನ ಹೆಂಡತಿ ಲಲಿತಮ್ಮ ನನ್ನನ್ನು ಕಂಡು ಒಳಗೆ ಬನ್ನಿ ಎನ್ನಲಿಲ್ಲ. ಒಳಗಿನಿಂದ ಅವನೇ ಕೂಗಿ ಕರೆದ. ಮಂಚದ ಮೇಲೆ ಕೂತಿದ್ದ, ಕಾಲು ದಿಂಬಿನ ಮೇಲಿತ್ತು. ಕಾರ್ಖಾನೆಯ ಮಾತು ಅಲ್ಲಿಗೂ ಮುಟ್ಟಿದೆ ಎಂದು ಲಲಿತಮ್ಮ ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಸ್ವಲ್ಪ ಹೊತ್ತು ಎರಡನೇ ಫರ್ನೇಸಿನ ಬಗ್ಗೆ ಮಾತಾಡಿದೆವು. ಆಮೇಲೆ ಅವನು ಕೇಳಿದ.

"ಸಾಮಣ್ಣ, ಸುಳ್ಳು ಹೇಳ್ಬೇಡ. ನೀನೇನಾದ್ರೂ ಬೇಡ್ಕೊಂಡಿದ್ಯಾ?"

"ಬೇಡ್ಕೊಂಡಿದ್ದೆ."

"ಏನಂತ?"

"ನನ್ನ ಜಾಗ ವಾಪಸ್ ಸಿಗ್ಲಿ ಅಂತ."

ಲಲಿತಮ್ಮ ಸೆರಗನ್ನು ಬಾಯಿಗೆ ಹಿಡಿದುಕೊಂಡರು. ಎದ್ದು ಹೋಗಬೇಕು ಎಂದುಕೊಂಡೆ. ಶೇಖರಪ್ಪ ತನ್ನ ಕಾಲನ್ನು ದಿಂಬಿನ ಮೇಲೆ ಸರಿಮಾಡಿಕೊಂಡ.

"ನನ್ನ ವಿಷಯ ಏನೂ ಹೇಳ್ಲಿಲ್ವಾ?"

"ಇಲ್ಲ. ನಿನ್ನ ಹೆಸರೇ ತೆಗೀಲಿಲ್ಲ."

"ಅದೇ ನೋಡು ತಪ್ಪಾಗಿದ್ದು. ಹೆಸರು ಹೇಳಿ, ಇವ್ನಿಗೆ ಏನೂ ಆಗ್ದೆ ಇರ್ಲಿ ಅಂತ ಸೇರಿಸ್ಬೇಕಿತ್ತು." ಆಮೇಲೆ ಲಲಿತಮ್ಮನ ಕಡೆ ತಿರುಗಿ, "ಕಾಫಿ ಮಾಡೇ. ಅಷ್ಟು ಪವರ್ ಇದ್ದಿದ್ರೆ ಇವ್ನು ಆ ಧೂಳಲ್ಲಿ ಅಷ್ಟು ದಿನ ಯಾಕೆ ಇರ್ತಿದ್ದ" ಎಂದ. ಮತ್ತೆ ನನಗೆ: "ನಿನ್ನ ಜಾಗ ಹೆಂಗೂ ಸಿಕ್ತು. ಈಗ ನನ್ನ ಕಾಲಿಗೆ ಬೇಡ್ಕೋ. ಸುಮ್ನೆ ಕೂತಿದ್ದೀಯಲ್ಲ."

ನಾನು ಪ್ರಾರ್ಥನೆ ಬಿಟ್ಟು ಸುಮ್ಮನೆ ಕೂತಿರುವುದು ಅವನಿಗೆ ಹೇಗೆ ಗೊತ್ತಾಯಿತು ಎಂದು ನಾನು ಕೇಳಲಿಲ್ಲ. ಬಹುಶಃ ನಾನು ಕುರ್ಚಿಯಲ್ಲಿ ಕೂತಿದ್ದನ್ನೇ ಅವನು ಹೇಳಿದ್ದು. ಅಂದು ಬಸ್ಸಿನಲ್ಲಿ ವಾಪಸ್ ಬರುವಾಗ ಮತ್ತೆ ಪ್ರಾರ್ಥನೆ ಶುರು ಮಾಡಿದೆ. ಅವನ ಹೆಸರು ಹೇಳಿ, ಎಡಗಾಲು ಎಂದು ಸ್ಪಷ್ಟವಾಗಿ ಹೇಳಿ. ಯಾವ ಬೆಳಕೂ ಕಾಣಲಿಲ್ಲ, ಎದೆ ಹಗುರವಾಗಲಿಲ್ಲ. ಒಬ್ಬನು ಕೇಳಿಕೊಂಡ ಕೆಲಸ ಮಾಡುತ್ತಿದ್ದೇನೆ ಎನಿಸಿತು. ನನಗೆ ಅರ್ಥವಾಗುವುದು ಕೆಲಸ ಮಾತ್ರ.

ಕಾಲು ಉಳಿಯಿತು. ಪೂರ್ತಿಯಲ್ಲ. ಬೇರೆ ಕಡೆಯ ಚರ್ಮ ತೆಗೆದು ಅಲ್ಲಿಗೆ ಕಸಿ ಮಾಡಿದರು, ಕುಂಟು ಉಳಿಯಿತು. ಅವನು ಕೆಲಸಕ್ಕೆ ಬಂದಾಗ ಹಾಳಾದ ಫರ್ನೇಸಿಗೆ ಹೊಸ ಲೈನಿಂಗ್ ಹಾಕಿ ಮುಗಿದಿತ್ತು. ಅದರ ಮೆಲ್ಟರ್ ನಾನೇ. ಕಾಯಿ ಬಂತು. ಯಾರೂ ನನ್ನ ಮುಖ ನೋಡಲಿಲ್ಲ. ಶೇಖರಪ್ಪ ಕುಂಟುತ್ತಾ ಬಂದು ಕಾಯಿ ಎತ್ತಿಕೊಂಡ. ಎತ್ತಿದರೆ ನಿಲ್ಲಲಾಗಲಿಲ್ಲ. ಎರಡೂ ಕೈಯಲ್ಲಿ ಭಾರ ಹಿಡಿದು ತಲೆಯ ಮೇಲೆತ್ತಲು ಆ ಕಾಲು ಒಪ್ಪುತ್ತಿರಲಿಲ್ಲ.

"ಬಾ, ಹಿಡ್ಕೋ" ಎಂದ.

"ಕಾಯೀನಾ?"

"ನನ್ನ ಹಿಡ್ಕೋ ಮಾರಾಯ."

ಹಿಂದಿನಿಂದ ಅವನ ಸೊಂಟ ಹಿಡಿದೆ. ಅವನು ನಿವಾಳಿಸುವಾಗ ಅವನ ಜೊತೆ ನಾನೂ ಒಂದೊಂದು ಹೆಜ್ಜೆ ತಿರುಗಬೇಕಾಯಿತು. ಅವನು ಒಡೆದ. ಕುಂಕುಮದ ನೀರು ನನ್ನ ಬೂಟಿನ ಮೇಲೂ ಸಿಡಿಯಿತು. ಅಲ್ಲಿದ್ದ ಒಬ್ಬ ಮೊಬೈಲಿನಲ್ಲಿ ಫೋಟೋ ತೆಗೆದ. ಅದು ಹೇಗೋ ಜನ್ನಾಪುರ ತಲುಪಿತು. ನನ್ನನ್ನು ಸಭೆಯ ಕಮಿಟಿಯಿಂದ ತೆಗೆದರು, ಆಮೇಲೆ ಹೊಸ ಪಾಸ್ಟರ್ ಬಂದ ಮೇಲೆ ಸೇರಿಸಿಕೊಂಡರು. ಕಾರ್ಖಾನೆಯಲ್ಲಿ ಕೆಲವರು, ಕೊನೆಗೂ ಬಗ್ಗಿದ ನೋಡು ಎಂದರು. ನಾನು ಯಾರಿಗೂ ವಿವರಿಸಲು ಹೋಗಲಿಲ್ಲ. ನನ್ನ ಕೈ ಎಲ್ಲಿತ್ತು ಎಂದು ನನಗೆ ಗೊತ್ತಿತ್ತು, ಶೇಖರಪ್ಪನಿಗೆ ಗೊತ್ತಿತ್ತು. ನೋಡಬೇಕಾದ ಇನ್ನೊಬ್ಬನೂ ನೋಡಿದ್ದಾನೆ ಎಂದು ನಂಬಿದ್ದೇನೆ. ಈ ಕೊನೆಯದಕ್ಕೆ ನನ್ನ ಹತ್ತಿರ ಪುರಾವೆ ಇಲ್ಲ.

ಹೊಸಬರಿಗೆ ಬುದ್ಧಿಮಾತು ಹೇಳಬೇಕಾದ ಜಾಗ ಇದು. ಕಾಯಿ ಒಡೆಯಿರಿ ಎಂದಾಗಲಿ ಒಡೆಯಬೇಡಿ ಎಂದಾಗಲಿ ನಾನು ಹೇಳಲಾರೆ. ಪ್ಯಾಂಟನ್ನು ಬೂಟಿನ ಹೊರಗೆ ಬಿಡಿ, ಒಳಗೆ ಸಿಕ್ಕಿಸಬೇಡಿ. ಅಲಾರಂ ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪ್ರಾರ್ಥನೆ ಮಾಡುವವರಾದರೆ ಪಕ್ಕದವನ ಹೆಸರನ್ನೂ ಸೇರಿಸಿ.

ನಾವಿಬ್ಬರೂ ಈಗ ನಿವೃತ್ತರು. ಮೊನ್ನೆ ಶೇಖರಪ್ಪ ಫೋನ್ ಮಾಡಿದ್ದ. ಮೊಮ್ಮಗಳ ನಾಮಕರಣಕ್ಕೆ ಕರೆಯಲು. ಮಾತು ಮುಗಿಸುವ ಮುಂಚೆ ಕೇಳಿದ.

"ಕಾಲಿಂದು ಇನ್ನೂ ಬೇಡ್ಕೊಳ್ತಿದ್ದೀಯಾ, ಬಿಟ್ಟಿದ್ದೀಯಾ?"

"ದಿನಾ ಬೇಡ್ಕೊಳ್ತೀನಿ."

"ಬಿಡ್ಬೇಡ. ಎರಡು ಬೆರಳಿಗೆ ಇನ್ನೂ ಸ್ಪರ್ಶ ಬಂದಿಲ್ಲ."